ಹಸುವಿನ ಮೇವಿನಲ್ಲಿ ಸಸ್ಯಜನ್ಯ ಎಣ್ಣೆ: ನಾವು ಕುಡಿಯುವ ಹಾಲಿನಲ್ಲಿ ಏನು ಬದಲಾಗುತ್ತದೆ?

ಪುಣೆಯಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ನಾಸಿಕ್ ಹೆದ್ದಾರಿಯ ಮೇಲಿರುವ ಚಾಕಣ ಇಂದು ಕಾರ್ಖಾನೆಗಳ ಊರು. ಅದರ ಹಳೆಯ ಗುರುತು ಉಳ್ಳಾಗಡ್ಡಿ ಮತ್ತು ಜಾನುವಾರುಗಳ ಮಾರುಕಟ್ಟೆ. ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳೂ ಈ ಭಾಗದಲ್ಲಿವೆ. ಇಲ್ಲಿ ಹಾಲು ಎರಡು ದಾರಿಯಿಂದ ಮನೆಗೆ ಬರುತ್ತದೆ: ಅಂಗಡಿಯ ಪ್ಯಾಕೆಟ್, ಇಲ್ಲವೇ ಸುತ್ತಲಿನ ಹಳ್ಳಿಯಿಂದ ಕ್ಯಾನಿನಲ್ಲಿ ತರುವ ಹಾಲು.

ಮನೆಯಲ್ಲಿ ಹೃದಯಾಘಾತವಾಗಿ ಚಿಕಿತ್ಸೆ ಪಡೆದು ಬಂದವರು, ಕೊಲೆಸ್ಟರಾಲ್ ಹೆಚ್ಚಿರುವವರು ಅಥವಾ ಸಕ್ಕರೆ ಕಾಯಿಲೆ ಇರುವವರು ಇದ್ದರೆ "ಯಾವ ಹಾಲು ಕೊಡಬೇಕು?" ಎಂಬ ಪ್ರಶ್ನೆ ಏಳುತ್ತದೆ. ಜೊತೆಗೆ "ನಮ್ಮ ಹಸುಗಳಿಗೆ ಅಗಸೆ ತಿನ್ನಿಸುತ್ತೇವೆ, ಈ ಹಾಲು ಹೃದಯಕ್ಕೆ ಒಳ್ಳೆಯದು" ಎಂಬ ಮಾತೂ ಕಿವಿಗೆ ಬೀಳುತ್ತದೆ. ಇನ್ನು ಕೆಲವರಿಗೆ "ಹಸುವಿಗೆ ತಾಳೆ ಎಣ್ಣೆ ಕೊಡುತ್ತಾರಂತೆ, ಆ ಹಾಲು ಕುಡಿಯಬಹುದೇ?" ಎಂಬ ಭಯ. ಈ ಲೇಖನ ಎರಡಕ್ಕೂ ಉತ್ತರ ಕೊಡುತ್ತದೆ.

ಮುಖ್ಯಾಂಶಗಳು

• ಹಸುವಿನ ಆಹಾರದಲ್ಲಿ ಸಸ್ಯಜನ್ಯ ಎಣ್ಣೆ ಸೇರಿಸಿದರೆ ಹಾಲಿನ ಕೊಬ್ಬಿನ ಸ್ವರೂಪ ಸ್ವಲ್ಪ ಬದಲಾಗುತ್ತದೆ. ಬದಲಾವಣೆ ನಿಜ, ಆದರೆ ಚಿಕ್ಕದು.
• ರೋಗಿಯ ಮಟ್ಟಿಗೆ ಹಸು ಏನು ತಿಂದಿತು ಎನ್ನುವುದಕ್ಕಿಂತ, ಲೋಟದಲ್ಲಿರುವ ಹಾಲಿನ ಕೊಬ್ಬು ಎಷ್ಟು ಎನ್ನುವುದು ಹಲವು ಪಟ್ಟು ಮುಖ್ಯ.
• ಹಸುವಿಗೆ ಎಣ್ಣೆ ತಿನ್ನಿಸುವುದು ಬೇರೆ, ಹಾಲಿಗೆ ಎಣ್ಣೆ ಬೆರೆಸುವುದು ಬೇರೆ. ಎರಡನೆಯದು ಕಲಬೆರಕೆ, ಅಪರಾಧ.
• ಬೂಷ್ಟು ಹಿಡಿದ ಹಿಂಡಿಯಿಂದ ಹಾಲಿಗೆ ಬರುವ ವಿಷ ಕುದಿಸಿದರೂ ಹೋಗುವುದಿಲ್ಲ.
• ಯಾವ ಹಾಲೂ ಔಷಧಿಗೆ ಬದಲಿಯಲ್ಲ.

ಹಸುವಿಗೆ ಎಣ್ಣೆ ಏಕೆ ಕೊಡುತ್ತಾರೆ?

ಕರು ಹಾಕಿದ ನಂತರದ ಮೊದಲ ಎರಡು ಮೂರು ತಿಂಗಳು ಹಸು ಹೆಚ್ಚು ಹಾಲು ಕೊಡುತ್ತದೆ. ಆದರೆ ಆ ಹಾಲಿಗೆ ಬೇಕಾದಷ್ಟು ಮೇವನ್ನು ಅದು ಆಗ ತಿನ್ನಲಾರದು. ಕೊರತೆಯನ್ನು ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳುವುದರಿಂದ ಸೊರಗುತ್ತದೆ, ಮತ್ತೆ ಬೆದೆಗೆ ಬರುವುದು ತಡವಾಗುತ್ತದೆ. ಮಿಶ್ರತಳಿಯ ಹಸುಗಳಲ್ಲಿ ಈ ತೊಂದರೆ ಹೆಚ್ಚು. ಪುಣೆ ಜಿಲ್ಲೆಯಲ್ಲಿ ಮಿಶ್ರತಳಿಗೆ ಹಳೆಯ ನಂಟಿದೆ. ಮಣಿಭಾಯಿ ದೇಸಾಯಿ ಅವರು 1967ರಲ್ಲಿ ಉರುಳಿ ಕಾಂಚನದಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆ ಇಂಥ ತಳಿಗಳನ್ನು ಹಳ್ಳಿಗಳಿಗೆ ತಲುಪಿಸಲು ದಶಕಗಳ ಕಾಲ ದುಡಿದಿದೆ.

ಒಂದು ಗ್ರಾಂ ಕೊಬ್ಬಿನಲ್ಲಿ ಕಾಳುಕಡಿಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತದೆ. ಆದ್ದರಿಂದ ಕಡಿಮೆ ಆಹಾರದಲ್ಲಿ ಹೆಚ್ಚು ಶಕ್ತಿ ಒದಗಿಸಲು ಎಣ್ಣೆ ಅಥವಾ ಕೊಬ್ಬು ಸೇರಿಸುತ್ತಾರೆ. ಇದು ಮೂರು ರೂಪದಲ್ಲಿ ಹಸುವಿನ ಹೊಟ್ಟೆ ಸೇರುತ್ತದೆ.

• ಹಿಂಡಿ ಮತ್ತು ಎಣ್ಣೆಕಾಳು: ನಮ್ಮಲ್ಲಿ ಬಹುಪಾಲು ಹಸುಗಳಿಗೆ ಸಸ್ಯಜನ್ಯ ಎಣ್ಣೆ ಸಿಗುವುದು ಹೀಗೆ. ಗಾಣದಿಂದ ಬಂದ ಹತ್ತಿಕಾಳು ಹಿಂಡಿ, ಶೇಂಗಾ ಹಿಂಡಿಗಳಲ್ಲಿ ಸ್ವಲ್ಪ ಎಣ್ಣೆ ಉಳಿದಿರುತ್ತದೆ. ಚಾಕಣದ ಅಂಗಡಿಗಳಲ್ಲಿ ಮರಾಠಿಯಲ್ಲಿ "ಸರಕಿ ಪೇಂಡ" ಎಂದರೆ ಹತ್ತಿಕಾಳು ಹಿಂಡಿಯೇ.
• ನೇರವಾಗಿ ಎಣ್ಣೆ: ಸೋಯಾ, ಸೂರ್ಯಕಾಂತಿ, ಅಗಸೆ, ಅಕ್ಕಿ ತೌಡಿನ ಎಣ್ಣೆ ಮುಂತಾದವನ್ನು ಪಶು ಆಹಾರದಲ್ಲಿ ಬೆರೆಸುವುದು.
• ಬೈಪಾಸ್ ಕೊಬ್ಬು: ಹೆಚ್ಚಾಗಿ ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಕ್ಯಾಲ್ಸಿಯಂ ಜೊತೆ ಸೇರಿಸಿ ತಯಾರಿಸುವ ಪುಡಿ ಅಥವಾ ಹರಳು. ಹೆಚ್ಚು ಹಾಲು ಕೊಡುವ ಹಸುವಿಗೆ ದಿನಕ್ಕೆ ಸಾಮಾನ್ಯವಾಗಿ 100ರಿಂದ 200 ಗ್ರಾಂ ಕೊಡುತ್ತಾರೆ.

ಎಣ್ಣೆ ಕೊಡಲು ಇನ್ನೊಂದು ಕಾರಣವೂ ಇದೆ. ಹಸು ತೇಗಿದಾಗ ಹೊರಬರುವ ಮೀಥೇನ್ ಅನಿಲ ಭೂಮಿಯನ್ನು ಬಿಸಿಯಾಗಿಸುತ್ತದೆ. ಮೇವಿನಲ್ಲಿ ಎಣ್ಣೆಯಂಶ ಸ್ವಲ್ಪ ಹೆಚ್ಚಿದರೆ ಮೀಥೇನ್ ಕಡಿಮೆಯಾಗುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಮೀಥೇನ್ ತಗ್ಗಿಸುವ ಪಶು ಆಹಾರದ ಮೇಲೆ ಕೆಲಸ ಮಾಡುತ್ತಿದೆ. ಅದು ರೂಪಿಸಿದ "ಹರಿತ ಧಾರಾ" ಎಂಬ ಪೂರಕ ಎಣ್ಣೆಯದಲ್ಲ, ಟ್ಯಾನಿನ್ ಎಂಬ ಒಗರಿನ ಅಂಶವಿರುವ ಗಿಡಗಳದ್ದು.

ಎಣ್ಣೆ ನೇರವಾಗಿ ಹಾಲಿಗೆ ಬರುತ್ತದೆಯೇ?

ಇಲ್ಲ. ನಾವು ತಿಂದ ಎಣ್ಣೆ ಹೆಚ್ಚು ಬದಲಾಗದೆ ನಮ್ಮ ಕರುಳನ್ನು ತಲುಪುತ್ತದೆ. ಹಸುವಿನಲ್ಲಿ ಹಾಗಲ್ಲ. ಅದರ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ರೂಮೆನ್, ಒಂದು ದೊಡ್ಡ ಹುದುಗು ತೊಟ್ಟಿಯಂತೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಕರಗಿಸುವುದರ ಜೊತೆಗೆ ಎಣ್ಣೆಯನ್ನೂ ಬದಲಿಸುತ್ತವೆ. ಸೂರ್ಯಕಾಂತಿ ಅಥವಾ ಅಗಸೆ ಎಣ್ಣೆಯಲ್ಲಿ ಹೆಚ್ಚಾಗಿರುವುದು ಅನ್‌ಸ್ಯಾಚುರೇಟೆಡ್ ಕೊಬ್ಬು, ಅಂದರೆ ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿರುವ ಬಗೆ. ಸೂಕ್ಷ್ಮಜೀವಿಗಳು ಅದರ ಬಹುಭಾಗವನ್ನು ಸ್ಯಾಚುರೇಟೆಡ್ ಕೊಬ್ಬಾಗಿ, ಅಂದರೆ ಬೆಣ್ಣೆ ತುಪ್ಪಗಳಂತೆ ಗಟ್ಟಿಯಾಗುವ ಬಗೆಯಾಗಿ ಮಾರ್ಪಡಿಸುತ್ತವೆ. ಈ ಬದಲಾವಣೆಯ ನಡುವಿನ ಹಂತದಲ್ಲಿ ಸ್ವಲ್ಪ ಟ್ರಾನ್ಸ್ ಕೊಬ್ಬೂ ಹುಟ್ಟುತ್ತದೆ.

ಬೈಪಾಸ್ ಕೊಬ್ಬಿಗೆ ಆ ಹೆಸರು ಬಂದದ್ದು ಇದರಿಂದಲೇ. ಅದು ರೂಮೆನ್‌ನಲ್ಲಿ ಹೆಚ್ಚು ಕರಗದೆ ಮುಂದೆ ಸಾಗಿ, ಕರುಳಿನಲ್ಲಿ ಜೀರ್ಣವಾಗುತ್ತದೆ.

ಹಾಲಿನಲ್ಲಿ ಏನೇನು ಬದಲಾಗುತ್ತದೆ?

ಸಾಮಾನ್ಯ ಹಾಲಿನ ಕೊಬ್ಬಿನಲ್ಲಿ 100 ಗ್ರಾಂಗೆ ಸುಮಾರು 65ರಿಂದ 70 ಗ್ರಾಂ ಸ್ಯಾಚುರೇಟೆಡ್ ಇರುತ್ತದೆ. ಇದನ್ನು ಅತಿಯಾಗಿ ತಿಂದರೆ ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ.

• ಸೂರ್ಯಕಾಂತಿ, ಸೋಯಾ, ಅಗಸೆಯಂಥವನ್ನು ಹಸುವಿಗೆ ಕೊಟ್ಟಾಗ ಹಾಲಿನಲ್ಲಿ ಸ್ಯಾಚುರೇಟೆಡ್ ಪಾಲು ಸ್ವಲ್ಪ ಇಳಿಯುತ್ತದೆ, ಓಲಿಯಿಕ್ ಆಮ್ಲದಂಥ ಅನ್‌ಸ್ಯಾಚುರೇಟೆಡ್ ಪಾಲು ಏರುತ್ತದೆ. ಟ್ರಾನ್ಸ್ ಕೊಬ್ಬಿನ ಪಾಲೂ ಸ್ವಲ್ಪ ಏರಬಹುದು.
• ತಾಳೆ ಮೂಲದ ಕೊಬ್ಬು ಕೊಟ್ಟಾಗ ಹಾಲಿನಲ್ಲಿ ಪಾಮಿಟಿಕ್ ಆಮ್ಲ ಎಂಬ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಬಹುದು. ಕೆನಡಾದಲ್ಲಿ 2021ರ ಆರಂಭದಲ್ಲಿ "ಬೆಣ್ಣೆ ಹೊರಗಿಟ್ಟರೂ ಮೆತ್ತಗಾಗುತ್ತಿಲ್ಲ" ಎಂದು ಗ್ರಾಹಕರು ದೂರಿದಾಗ ಅನುಮಾನ ಹೋದದ್ದು ಈ ಪೂರಕದ ಮೇಲೆ. ಪರ್ಯಾಯ ನೋಡುವಂತೆ ಅಲ್ಲಿನ ಹೈನುಗಾರರ ಸಂಘಟನೆ ಸದಸ್ಯರನ್ನು ಕೋರಿತು.
• ಹಾಲಿನ ಪ್ರೋಟೀನ್, ಸಕ್ಕರೆಯಂಶವಾದ ಲ್ಯಾಕ್ಟೋಸ್, ಕ್ಯಾಲ್ಸಿಯಂ ಇವುಗಳಲ್ಲಿ ರೋಗಿಗೆ ಲೆಕ್ಕಕ್ಕೆ ಬರುವಂಥ ಬದಲಾವಣೆ ಆಗುವುದಿಲ್ಲ.

ಹೃದಯಕ್ಕೆ ಇದರಿಂದ ಲಾಭ ಇದೆಯೇ?

ಬ್ರಿಟನ್‌ನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಓಲಿಯಿಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆಯನ್ನು ಹಸುಗಳಿಗೆ ತಿನ್ನಿಸಿ, ಅವುಗಳ ಹಾಲು, ಚೀಸ್, ಬೆಣ್ಣೆಯನ್ನು ಹೃದ್ರೋಗದ ಅಪಾಯ ಮಧ್ಯಮ ಮಟ್ಟದಲ್ಲಿದ್ದ 54 ವಯಸ್ಕರಿಗೆ 12 ವಾರ ಕೊಟ್ಟರು. ಅದೇ ಜನರಿಗೆ ಇನ್ನೊಂದು 12 ವಾರ ಸಾಮಾನ್ಯ ಉತ್ಪನ್ನ ಕೊಟ್ಟರು. ಸಾಮಾನ್ಯ ಉತ್ಪನ್ನ ತಿಂದಾಗಿನಷ್ಟು ಎಲ್‌ಡಿಎಲ್ ಏರಿಕೆ ಮೊದಲನೆಯದರಲ್ಲಿ ಕಾಣಲಿಲ್ಲ.

ಈ ಫಲಿತಾಂಶ ಆಶಾದಾಯಕ. ಆದರೆ ಅಲ್ಲಿ ಹಸುವಿನ ಆಹಾರ ಕಟ್ಟುನಿಟ್ಟಾಗಿತ್ತು, ಹಾಲನ್ನು ಬೇರೆಯಾಗಿಯೇ ಸಂಸ್ಕರಿಸಲಾಗಿತ್ತು, ಭಾಗವಹಿಸಿದವರು ಹೈನು ಕೊಬ್ಬನ್ನು ಧಾರಾಳವಾಗಿ ತಿಂದಿದ್ದರು. ಪರೀಕ್ಷಿಸಿದ್ದು ರಕ್ತದ ಕೊಲೆಸ್ಟರಾಲ್ ಮುಂತಾದ ಸೂಚಕಗಳನ್ನು, ಹೃದಯಾಘಾತ ತಪ್ಪಿತೇ ಎಂಬುದನ್ನಲ್ಲ. ನಮ್ಮ ಊರಿನ ಪ್ಯಾಕೆಟ್ ಹಾಲಾದರೋ ನೂರಾರು ಕೊಟ್ಟಿಗೆಗಳಿಂದ ಬಂದು ಒಂದೇ ಟ್ಯಾಂಕಿನಲ್ಲಿ ಬೆರೆತಿರುತ್ತದೆ. ಅದರಲ್ಲಿ ಯಾವ ಹಸು ಏನು ತಿಂದಿತು ಎಂದು ಹೇಳುವುದು ಸಾಧ್ಯವಿಲ್ಲ.

ಒಂದು ಲೋಟದ ಲೆಕ್ಕ

ಹಾಲಿನ ಹೆಸರನ್ನು ನೋಡಿ ಕೊಬ್ಬಿನ ಪ್ರಮಾಣ ತಿಳಿಯಬಹುದು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಪ್ರತಿ ಬಗೆಗೂ ಮಟ್ಟ ಗೊತ್ತುಪಡಿಸಿದೆ. 250 ಮಿ.ಲೀ. ಹಾಲಿನಲ್ಲಿ ಇರುವ ಕೊಬ್ಬು ಅಂದಾಜು ಹೀಗಿದೆ.

• ಫುಲ್ ಕ್ರೀಮ್ ಹಾಲು (ಕೊಬ್ಬು ಶೇ. 6): 15 ಗ್ರಾಂ. ಅದರಲ್ಲಿ ಸ್ಯಾಚುರೇಟೆಡ್ ಸುಮಾರು 10 ಗ್ರಾಂ.
• ಸ್ಟ್ಯಾಂಡರ್ಡೈಸ್ಡ್ ಹಾಲು (ಶೇ. 4.5): 11 ಗ್ರಾಂ. ಸ್ಯಾಚುರೇಟೆಡ್ ಸುಮಾರು 7.5 ಗ್ರಾಂ.
• ಟೋನ್ಡ್ ಹಾಲು (ಶೇ. 3): 7.5 ಗ್ರಾಂ. ಸ್ಯಾಚುರೇಟೆಡ್ ಸುಮಾರು 5 ಗ್ರಾಂ.
• ಡಬಲ್ ಟೋನ್ಡ್ ಹಾಲು (ಶೇ. 1.5): 4 ಗ್ರಾಂಗಿಂತ ಕಡಿಮೆ. ಸ್ಯಾಚುರೇಟೆಡ್ ಸುಮಾರು 2.5 ಗ್ರಾಂ.
• ಕೆನೆರಹಿತ ಹಾಲು (ಶೇ. 0.5ರ ಒಳಗೆ): ಒಂದು ಗ್ರಾಂ ಆಸುಪಾಸು.

ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2 ಕೊಬ್ಬು ಇರಬೇಕೆಂಬ ನಿಯಮವಿದೆ. ಎಮ್ಮೆ ಹಾಲಿನಲ್ಲಿ ಸಾಮಾನ್ಯವಾಗಿ ಶೇ. 6 ಅಥವಾ ಅದಕ್ಕೂ ಹೆಚ್ಚು.

ಈಗ ಹೋಲಿಸಿ ನೋಡಿ. ಎಣ್ಣೆ ತಿಂದ ಹಸುವಿನ ಹಾಲಿನಲ್ಲಿ ಸ್ಯಾಚುರೇಟೆಡ್ ಪಾಲು 100ಕ್ಕೆ 70ರಿಂದ 60ಕ್ಕೆ ಇಳಿಯಿತು ಎಂದೇ ಇಟ್ಟುಕೊಳ್ಳಿ. ಒಂದು ಲೋಟ ಟೋನ್ಡ್ ಹಾಲಿನಲ್ಲಿ ಉಳಿತಾಯವಾಗುವುದು ಮುಕ್ಕಾಲು ಗ್ರಾಂ ಮಾತ್ರ. ಅದೇ ಫುಲ್ ಕ್ರೀಮ್ ಬಿಟ್ಟು ಟೋನ್ಡ್ ಹಾಲಿಗೆ ಬಂದರೆ 5 ಗ್ರಾಂ, ಡಬಲ್ ಟೋನ್ಡ್ ಹಾಲಿಗೆ ಬಂದರೆ 7.5 ಗ್ರಾಂ ಉಳಿಯುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು ಸುಮಾರು 22 ಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ. ಹೃದ್ರೋಗಿಗಳಿಗೆ ವೈದ್ಯರು ಇದಕ್ಕೂ ಕಡಿಮೆ ಹೇಳಬಹುದು.

ತುಪ್ಪವನ್ನೂ ಈ ಲೆಕ್ಕಕ್ಕೆ ಸೇರಿಸಿ. ಒಂದು ದೊಡ್ಡ ಚಮಚ (15 ಗ್ರಾಂ) ತುಪ್ಪದಲ್ಲಿ ಸ್ಯಾಚುರೇಟೆಡ್ ಕೊಬ್ಬೇ 9ರಿಂದ 10 ಗ್ರಾಂ ಇರುತ್ತದೆ. ಹಾಲನ್ನು ಬದಲಿಸಿ, ಹೋಳಿಗೆಯ ಮೇಲೆ ಮಾತ್ರ ಕೈ ಬಿಚ್ಚಿ ತುಪ್ಪ ಸುರಿದರೆ ಉಳಿಸಿದ್ದೆಲ್ಲ ಹೋದಂತೆ.

"ಅಗಸೆ ತಿಂದ ಹಸುವಿನ ಹಾಲು" ಕೊಳ್ಳಬೇಕೇ?

ಅಗಸೆಯಲ್ಲಿ ಎಎಲ್‌ಎ ಎಂಬ ಒಮೆಗಾ-3 ಕೊಬ್ಬಿದೆ. ಹಸು ತಿಂದ ಅಗಸೆಯ ಒಮೆಗಾ-3 ಬಹುಪಾಲು ರೂಮೆನ್‌ನಲ್ಲೇ ಬದಲಾಗಿಬಿಡುತ್ತದೆ. ಹಾಲಿನ ಕೊಬ್ಬಿನಲ್ಲಿ ಅದು 100ಕ್ಕೆ ಒಂದು ಗ್ರಾಂಗೆ ಏರಿದರೂ, ಒಂದು ಲೋಟ ಟೋನ್ಡ್ ಹಾಲಿನಲ್ಲಿ ಸಿಗುವುದು 0.1 ಗ್ರಾಂಗಿಂತ ಕಡಿಮೆ. ಸುಮಾರು 10 ಗ್ರಾಂ ಅಗಸೆ ಪುಡಿಯಲ್ಲಿ 2 ಗ್ರಾಂಗೂ ಹೆಚ್ಚು ಸಿಗುತ್ತದೆ. ರೊಟ್ಟಿಯ ಜೊತೆ ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ತಿನ್ನುವ ಉತ್ತರ ಕರ್ನಾಟಕದ ಮನೆಗೆ ಇದು ಹೊಸತಲ್ಲ. ಅದೇ ಕಾಳನ್ನು ಹಸುವಿಗೆ ತಿನ್ನಿಸಿ, ಹಾಲಿಗೆ ಹೆಚ್ಚು ದುಡ್ಡು ಕೊಟ್ಟು, ಹಿಂದೆ ಪಡೆಯುವುದು ಸುತ್ತುದಾರಿ. ಚಟ್ನಿಪುಡಿಯಲ್ಲಿ ಉಪ್ಪು ಮಾತ್ರ ಕಡಿಮೆ ಇರಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೆಚ್ಚು ಅಗಸೆ ತಿನ್ನುವ ಮೊದಲು ವೈದ್ಯರನ್ನು ಕೇಳಿ.

ಹಾಲಿನ ರುಚಿ, ತಾಜಾತನ ಇಷ್ಟವಾಗಿ ಕೊಳ್ಳುವುದಾದರೆ ಅಡ್ಡಿಯಿಲ್ಲ. "ಬ್ಲಾಕೇಜ್ ಕರಗುತ್ತದೆ", "ಮಾತ್ರೆ ಬೇಡ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೋಗ ಗುಣಪಡಿಸುತ್ತದೆ ಎಂದು ಸಾಮಾನ್ಯ ಆಹಾರವನ್ನು ಪ್ರಚಾರ ಮಾಡಲು ಎಫ್‌ಎಸ್‌ಎಸ್‌ಎಐ ನಿಯಮಗಳು ಅವಕಾಶ ಕೊಡುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಸ್ಟ್ಯಾಟಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಮತ್ತೆ ಕಟ್ಟಿಕೊಂಡು ಜೀವಕ್ಕೇ ಅಪಾಯವಾಗಬಹುದು.

ಹಾಲಿನ ಟ್ರಾನ್ಸ್ ಕೊಬ್ಬು ಅಪಾಯಕಾರಿಯೇ?

ವನಸ್ಪತಿಯಂಥ ಪದಾರ್ಥಗಳಲ್ಲಿ ಕಾರ್ಖಾನೆಯಲ್ಲಿ ಉಂಟಾಗುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರ. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ಶೇ. 2 ಮೀರುವಂತಿಲ್ಲ. ಹಾಲಿನಲ್ಲಿ ಟ್ರಾನ್ಸ್ ಕೊಬ್ಬು ಸಹಜವಾಗಿಯೇ ಸ್ವಲ್ಪ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಸೇರಿಸಿ ದಿನಕ್ಕೆ ಸುಮಾರು 2.2 ಗ್ರಾಂ ಒಳಗಿರಲಿ ಎನ್ನುತ್ತದೆ (2000 ಕ್ಯಾಲೊರಿಯ ಲೆಕ್ಕಕ್ಕೆ). ಒಂದು ಲೋಟ ಟೋನ್ಡ್ ಹಾಲಿನಲ್ಲಿರುವುದು ಸುಮಾರು 0.2ರಿಂದ 0.4 ಗ್ರಾಂ. ಹಸುವಿನ ಮೇವಿನ ಎಣ್ಣೆಯಿಂದ ಇದು ಸ್ವಲ್ಪ ಏರಿದರೂ, ಕಡಿಮೆ ಕೊಬ್ಬಿನ ಹಾಲು ಕುಡಿಯುವವರು ಚಿಂತಿಸಬೇಕಾಗಿಲ್ಲ.

ಹಾಲಿಗೇ ಎಣ್ಣೆ ಬೆರೆಸಿದ್ದರೆ?

ಇದು ಪೂರ್ತಿ ಬೇರೆ ವಿಷಯ. ಕೆನೆ ತೆಗೆದು ಅಗ್ಗದ ಸಸ್ಯಜನ್ಯ ಎಣ್ಣೆ ಸೇರಿಸುವುದು, ಅದು ಬೆರೆಯಲೆಂದು ಡಿಟರ್ಜೆಂಟ್ ಹಾಕುವುದು ಕಲಬೆರಕೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಇದು ಶಿಕ್ಷಾರ್ಹ. ಮನೆಯಲ್ಲಿ ಒಂದು ಸರಳ ಪರೀಕ್ಷೆ ಮಾಡಬಹುದು: 5ರಿಂದ 10 ಮಿ.ಲೀ. ಹಾಲಿಗೆ ಅಷ್ಟೇ ನೀರು ಸೇರಿಸಿ ಚೆನ್ನಾಗಿ ಕುಲುಕಿ. ದಟ್ಟ ನೊರೆ ನಿಂತರೆ ಡಿಟರ್ಜೆಂಟ್ ಇರುವ ಅನುಮಾನವಿದೆ. ಶುದ್ಧ ಹಾಲಿನಲ್ಲಿ ಬರುವುದು ತೆಳು ನೊರೆ. ಅನುಮಾನವಿದ್ದರೆ ರಾಜ್ಯದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರು ಕೊಡಿ. ಎಣ್ಣೆ ಬೆರೆತಿದೆಯೇ ಎಂಬುದನ್ನು ಪ್ರಯೋಗಾಲಯವೇ ಖಚಿತಪಡಿಸಬೇಕು.

ನಿಜವಾಗಿ ಎಚ್ಚರ ಬೇಕಾದದ್ದು: ಬೂಷ್ಟು ಹಿಡಿದ ಹಿಂಡಿ

ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಗೋವಿನಜೋಳ ತೇವದಲ್ಲಿ ಉಳಿದರೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸು ಅದನ್ನು ತಿಂದರೆ ವಿಷದ ಸ್ವಲ್ಪ ಅಂಶ ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಕುದಿಸಿದರೂ ಪಾಶ್ಚರೀಕರಿಸಿದರೂ ಇದು ನಾಶವಾಗುವುದಿಲ್ಲ. ದೀರ್ಘಕಾಲ ದೇಹ ಸೇರಿದರೆ ಯಕೃತ್ತಿಗೆ ಹಾನಿ. ಹಾಲು ಹೆಚ್ಚು ಕುಡಿಯುವ ಮಕ್ಕಳು ಮತ್ತು ಯಕೃತ್ತಿನ ಕಾಯಿಲೆ ಇರುವವರ ವಿಷಯದಲ್ಲಿ ಹೆಚ್ಚು ಕಾಳಜಿ ಬೇಕು.

ಭಾರತದಲ್ಲಿ ಹಾಲಿನಲ್ಲಿ ಇದರ ಮಿತಿ ಕಿಲೋಗೆ 0.5 ಮೈಕ್ರೊಗ್ರಾಂ. ಎಫ್‌ಎಸ್‌ಎಸ್‌ಎಐ 2018ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ ಶೇ. 5.7ರಷ್ಟರಲ್ಲಿ ಇದು ಮಿತಿ ಮೀರಿತ್ತು. ಹಿಂಡಿ ಬದಲಿಸಿದ ಕೆಲವೇ ದಿನಗಳಲ್ಲಿ ಹಾಲು ಮತ್ತೆ ಸರಿಯಾಗುತ್ತದೆ. ಹಾಲು ಕೊಡುವವರ ಪರಿಚಯ ನಿಮಗಿದ್ದರೆ, ಅಗಸೆ ತಿನ್ನಿಸುತ್ತೀರಾ ಎಂದು ಕೇಳುವುದಕ್ಕಿಂತ ಹಿಂಡಿ ಎಲ್ಲಿ, ಹೇಗೆ ಇಡುತ್ತೀರಿ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಮನೆಯಲ್ಲೇ ಹಸು ಇದ್ದರೆ

• ಹಿಂಡಿಯ ಚೀಲವನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಮಳೆಗಾಲದಲ್ಲಿ ಹೆಚ್ಚು ದಾಸ್ತಾನು ಬೇಡ. ಮುಗ್ಗಲು ವಾಸನೆ ಬಂದದ್ದನ್ನು ಕೊಡಬೇಡಿ.
• ಹಸುವಿನ ಒಟ್ಟು ಒಣ ಆಹಾರದಲ್ಲಿ ಕೊಬ್ಬು ಶೇ. 6ರಿಂದ 7 ಮೀರಬಾರದು. ಹೆಚ್ಚಾದರೆ ಹುಲ್ಲು ಜೀರ್ಣವಾಗದೆ ಮೇವು ಬಿಡುತ್ತದೆ, ಭೇದಿಯಾಗುತ್ತದೆ, ಹಾಲಿನ ಕೊಬ್ಬೂ ಕುಸಿಯುತ್ತದೆ.
• ಗೊಟ್ಟದಲ್ಲಿ ಎಣ್ಣೆ ಕುಡಿಸುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಹಸು ಸಾಯಬಹುದು. ಹೊಟ್ಟೆ ಉಬ್ಬರಿಸಿದಾಗಲೂ ಪಶುವೈದ್ಯರನ್ನು ಕರೆಯಿರಿ.
• ಬೈಪಾಸ್ ಕೊಬ್ಬು ಎಲ್ಲ ಹಸುಗಳಿಗೂ ಬೇಕಿಲ್ಲ. ಕಡಿಮೆ ಹಾಲಿನ ಹಸುವಿಗೆ ಅದು ದಂಡದ ಖರ್ಚು.

ಆರೈಕೆ ಮಾಡುವವರ ಪ್ರಶ್ನೆಗಳು

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಎಣ್ಣೆ ತಿಂದ ಹಸುವಿನ ಹಾಲು ಒಗ್ಗುತ್ತದೆಯೇ?
ಇಲ್ಲ. ಈ ತೊಂದರೆಗೆ ಸಾಮಾನ್ಯ ಕಾರಣ ಲ್ಯಾಕ್ಟೋಸ್. ಹಾಲಿನ ಅಲರ್ಜಿಗೆ ಕಾರಣ ಪ್ರೋಟೀನ್. ಮೇವಿನ ಎಣ್ಣೆ ಎರಡನ್ನೂ ತೆಗೆಯುವುದಿಲ್ಲ. ಲ್ಯಾಕ್ಟೋಸ್ ತೊಂದರೆ ಇದ್ದವರಿಗೆ ಮೊಸರು, ಮಜ್ಜಿಗೆ ಒಗ್ಗಬಹುದು. ಅಲರ್ಜಿ ಇದ್ದವರಿಗೆ ಅವೂ ಬೇಡ.

ಮಗುವಿಗೂ ಕಡಿಮೆ ಕೊಬ್ಬಿನ ಹಾಲು ಕೊಡಬಹುದೇ?
ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ. ಎರಡು ವರ್ಷದೊಳಗಿನ ಮಕ್ಕಳಿಗೆ, ವೈದ್ಯರು ಹೇಳದ ಹೊರತು, ಕೊಬ್ಬು ತೆಗೆದ ಹಾಲು ಬೇಡ. ಅವರ ಬೆಳವಣಿಗೆಗೆ ಕೊಬ್ಬು ಬೇಕು. ಮನೆಯ ಹಿರಿಯರಿಗೆ ತಂದ ಡಬಲ್ ಟೋನ್ಡ್ ಹಾಲನ್ನೇ ಕೂಸಿಗೂ ಕೊಡಬೇಡಿ.

ಮೂತ್ರಪಿಂಡದ ಕಾಯಿಲೆ ಇದ್ದರೆ?
ಅಲ್ಲಿ ಲೆಕ್ಕಕ್ಕೆ ಬರುವುದು ರಂಜಕ, ಪೊಟ್ಯಾಸಿಯಂ ಮತ್ತು ಪ್ರೋಟೀನ್. ಮೇವಿನ ಎಣ್ಣೆ ಇವನ್ನು ತಗ್ಗಿಸುವುದಿಲ್ಲ. ದಿನಕ್ಕೆ ಎಷ್ಟು ಹಾಲು ಎಂಬುದನ್ನು ವೈದ್ಯರು ಅಥವಾ ಆಹಾರ ತಜ್ಞರೇ ಹೇಳಬೇಕು.

ಕ್ಯಾನಿನ ಹಾಲಿನ ಕೊಬ್ಬು ಹೇಗೆ ಕಡಿಮೆ ಮಾಡುವುದು?
ಚೆನ್ನಾಗಿ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು ಕೆನೆ ತೆಗೆಯಿರಿ. ಬೇಕಾದರೆ ಇನ್ನೊಮ್ಮೆ ಹಾಗೆಯೇ ಮಾಡಿ. ಕೊಬ್ಬು ಪೂರ್ತಿ ಹೋಗದಿದ್ದರೂ ಸಾಕಷ್ಟು ಇಳಿಯುತ್ತದೆ. ಹೋಮೊಜನೈಸ್ಡ್ ಎಂದು ಬರೆದಿರುವ ಪ್ಯಾಕೆಟ್ ಹಾಲಿನಲ್ಲಿ ಕೆನೆ ಸರಿಯಾಗಿ ಕಟ್ಟುವುದಿಲ್ಲ. ಅಲ್ಲಿ ಬಗೆಯನ್ನೇ ಬದಲಿಸಬೇಕು. ಹಸಿ ಹಾಲನ್ನು ಯಾರೂ ಕುಡಿಯಬಾರದು.

ಪ್ಯಾಕೆಟ್ ಬಣ್ಣ ನೋಡಿ ಕೊಂಡರೆ ಸಾಕೇ?
ಸಾಲದು. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಊರಿನಲ್ಲಿ ರೂಢಿಯಾದ ಬಣ್ಣ ಚಾಕಣದಲ್ಲಿ ಬೇರೆ ಹಾಲಿನದಾಗಿರಬಹುದು. ಮರಾಠಿಯಲ್ಲಿ "ಗಾಯೀಚೆ ದೂಧ" ಎಂದರೆ ಹಸುವಿನ ಹಾಲು, "ಮ್ಹಶೀಚೆ ದೂಧ" ಎಂದರೆ ಎಮ್ಮೆಯ ಹಾಲು. ಓದಲು ಬಾರದಿದ್ದರೆ ಅಂಗಡಿಯವರನ್ನು "ಫ್ಯಾಟ್ ಎಷ್ಟು?" ಎಂದು ಕೇಳಿ.

ವೈದ್ಯರನ್ನು ಯಾವಾಗ ಕಾಣಬೇಕು?

• ಹಾಲು, ತುಪ್ಪ ಎಷ್ಟು ಎಂದು ತಿಳಿಯಬೇಕಾದಾಗ ಇತ್ತೀಚಿನ ಕೊಲೆಸ್ಟರಾಲ್ ವರದಿ ಮತ್ತು ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ದಿನಕ್ಕೆ ಎಷ್ಟು ಲೋಟ, ಯಾವ ಹಾಲು ಎಂಬುದನ್ನೂ ಬರೆದುಕೊಳ್ಳಿ. ಚಹಾಕ್ಕೆ ಹಾಕುವ ಹಾಲನ್ನೂ ಲೆಕ್ಕ ಹಿಡಿಯಿರಿ.
• ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಊತ ಇದ್ದವರಿಗೆ ಕೊಬ್ಬು ತಿಂದ ಮೇಲೆ ಮೇಲ್ಹೊಟ್ಟೆ ನೋವು ಬಂದರೆ ತಡಮಾಡಬೇಡಿ.
• ಹಾಲು ಕುಡಿದ ಕೂಡಲೇ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.
• ಎದೆನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರುಗಟ್ಟುವಿಕೆ ಇದ್ದರೆ 108ಕ್ಕೆ ಕರೆ ಮಾಡಿ.

ನೆನಪಿಡಿ: ಹಸುವಿನ ಮೇವು ರೈತರು ಮತ್ತು ಪಶುವೈದ್ಯರ ಕೈಯಲ್ಲಿದೆ. ಯಾವ ಹಾಲು, ಎಷ್ಟು ಲೋಟ, ಎಷ್ಟು ತುಪ್ಪ ಎಂಬುದು ನಿಮ್ಮ ಕೈಯಲ್ಲಿದೆ. ರೋಗಿಯ ಹೃದಯಕ್ಕೆ ಹೆಚ್ಚು ನೆರವಾಗುವುದು ಈ ಎರಡನೆಯದೇ.